ಆಷಾಢದ ಮ್ಯಾಟಿನಿ

ಆಷಾಢದಲ್ಲಿ ಯಾರೂ ಮದುವೆಯಾಗುವುದಿಲ್ಲ,
ಅದಕ್ಕೇ ನಮಗೆ ಸಿನಿಮಾ.
ಕೊಪ್ಪರಿಗೆ ಬೋರಲು ಹಾಕಿ, ಸೌಟುಗಳನ್ನು ಗೋಣಿಯಲ್ಲಿ ಸುತ್ತಿಟ್ಟು
ಅಡುಗೆ ಗುಂಪಿನವರು ಆರು ಮಂದಿ,
ಜೊತೆಗೆ ಉಣ್ಣುವುದರಲ್ಲೇ ಹೆಸರು ಮಾಡಿದ ಇಬ್ಬರು,
ಹಾಸನದ ಬಿ.ಎಂ. ರಸ್ತೆಯ ಟಾಕೀಸಿನಲ್ಲಿ
ಬಾಲ್ಕನಿಯ ಒಂದು ಸಾಲನ್ನೇ ಹಿಡಿದೆವು.

ಕಥೆ ಇಷ್ಟೆ: ಯಾವುದೋ ದೊಡ್ಡ ಊರು, ದೊಡ್ಡ ಹೋಟೆಲು,
ಬಿಳಿ ಟೋಪಿಯ ಬಾಣಸಿಗ, ಸಿಟ್ಟು ಮೂಗಿನ ತುದಿಯಲ್ಲಿ.
ಗೊಜ್ಜಿನ ಒಂದು ಹನಿ ತಟ್ಟೆಯ ಅಂಚಿಗೆ ಬಿತ್ತೆಂದು
ತಟ್ಟೆಯನ್ನೇ ಗೋಡೆಗೆ ಬೀಸುತ್ತಾನೆ.
ಕೊನೆಗೆ ಯಾರೋ ಕೋಟಿನವರು ಬಂದು
ಅವನಿಗೊಂದು ನಕ್ಷತ್ರ ಕೊಡುತ್ತಾರೆ.
ಅಳುತ್ತಾನೆ.

ಹೊರಗೆ ಬಂದದ್ದೇ ತಡ, ಚುರುಮುರಿ ಗಾಡಿಯ ಸುತ್ತ
ಪಂಚಾಯ್ತಿ ಕೂಡಿತು.

‘ಆಲೂಗಡ್ಡೆಗೆ ಏಳು ಮುಖ ಕೆತ್ತಿದನಲ್ಲ ಸ್ವಾಮಿ,’
ಮಂಡಿ ಜಬ್ಬಾರನಿಗೆ ಹೊಟ್ಟೆ ಉರಿದಿತ್ತು,
‘ಮೂಟೆಗೆ ಹದಿನೈದು ಕೇಜಿ ಲುಕ್ಸಾನು!
ಒಂದು ದಿನ ನಮ್ಮ ಲೋಡು ಇಳಿಸಲಿ, ಬುದ್ಧಿ ಬರ್ತದೆ.’

ಹೋಳಿಗೆ ತಟ್ಟುವ ದ್ಯಾವಮ್ಮ ಸೆರಗಲ್ಲಿ ಬಾಯಿ ಒರೆಸಿಕೊಂಡು:
‘ಮೊರದಷ್ಟಗಲ ತಟ್ಟೆ, ನಡುವೆ ನನ್ನ ಕುಂಕುಮದಷ್ಟು ಊಟ.
ಅದ ತಿಂದೋರು ಮನೆಗೋಗಿ ಮುದ್ದೆ ಉಂಡಿರ್ತಾರೆ, ಬಿಡು.’

ಒಲೆ ನೋಡುವ ಚಿಕ್ಕಯ್ಯ ಎರಡೇ ಮಾತು:
‘ಬೆಂಕಿ ಸುಳ್ಳು. ಒಬ್ಬನ ಮುಂಗೈಮೇಲೂ ಸುಟ್ಟ ಕಲೆಯಿಲ್ಲ.’
‘ಬೈಗುಳ ಮಾತ್ರ ನಿಜ,’ ಎಂದ ಬೋರಲಿಂಗ, ‘ನಮ್ಮದೇ ತೂಕ.’

ಕಂಡಕ್ಟರ್ ಪರಮಶಿವಯ್ಯ, ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ
ಯಾವ ನಿಲ್ದಾಣದ ವಡೆ ಎಷ್ಟು ಗಂಟೆಗೆ ಬಾಣಲೆಯಿಂದೇಳುತ್ತದೆಂದು ತಿಳಿದು
ಅದರಂತೆ ಬಸ್ಸು ತಡಮಾಡಿಸಿದವರು,
ಚುರುಮುರಿ ಪೊಟ್ಟಣವನ್ನು ಟಿಕೆಟ್ ಕಟ್ಟಿನಂತೆ ಹಿಡಿದು ಕೇಳಿದರು:
‘ಎರಡೂವರೆ ಗಂಟೆಯಲ್ಲಿ ಒಬ್ಬನಾದರೂ ತೇಗಿದನೇ?
ಬೆರಳು ನೆಕ್ಕಿದನೇ? ಇನ್ನೊಂಚೂರು ಬಡಿಸಿ ಅಂದನೇ?
ಉಂಡವನೇ ಇಲ್ಲದ ಮೇಲೆ ಅದೆಂಥ ಅಡುಗೆ ಪಿಚ್ಚರು!’

ಆಮೇಲೆ ಎಲ್ಲರೂ ಅಚ್ಯುತಯ್ಯನವರತ್ತ ತಿರುಗಿದರು.
ಅವರು ಎಲೆಗೆ ಸುಣ್ಣ ಸವರುತ್ತಾ
‘ಎಂಜಲು ಚಮಚ,’ ಎಂದಷ್ಟೇ ಅಂದರು.

ನಕ್ಕರು ಎಲ್ಲ. ನಗದೆ ಇನ್ನೇನು?
ಸಿನಿಮಾದವನು ಗಳಿಗೆಗೊಮ್ಮೆ ರುಚಿ ನೋಡುತ್ತಾನೆ.
ನಮ್ಮ ಯಜಮಾನರು ನಲವತ್ತು ವರ್ಷದಲ್ಲಿ
ನೈವೇದ್ಯಕ್ಕೆ ಮುಂಚೆ ನಾಲಿಗೆಗೊಂದು ಹನಿ ಮುಟ್ಟಿಸಿದವರಲ್ಲ.
ಮುಚ್ಚಳ ಸರಿಸಿ, ಆವಿಗೆ ಮುಖವೊಡ್ಡಿ,
‘ಇನ್ನರ್ಧ ಹಿಡಿ’ ಎಂದರೆ ಅರ್ಧ ಹಿಡಿಯೇ.
ಸಾವಿರ ಎಲೆಯ ಸಾರು, ಮೂಗಿನಲ್ಲೇ ತೂಗಿದ ಉಪ್ಪು.

ಬಾಣಸಿಗ ಕಣ್ಣುಮುಚ್ಚಿ ಪಾತ್ರೆಯ ಮೇಲೆ ಬಾಗಿದಾಗ,
ಹಿಂದೆ ಪಿಟೀಲು ಎದ್ದಾಗ,
ಯಜಮಾನರು ಎದ್ದು ಹೊರಗೆ ಹೋದರು.
ಮಂಡಿಚಿಪ್ಪು ತಾಗಿತೆಂದು ಜಬ್ಬಾರ್ ಗೊಣಗಿದ, ಅಷ್ಟೆ.

ನನಗೆ ಗೊತ್ತು.
ಜ್ವರ ಬಂದ ಆ ವರ್ಷ ಹೋದದ್ದು ತಿರುಗಿ ಬರಲಿಲ್ಲ.
ಚನ್ನರಾಯಪಟ್ಟಣದ ಛತ್ರದಲ್ಲಿ ಒಗ್ಗರಣೆ ಸೀದು
ಹಿತ್ತಲ ಬೆಕ್ಕು ಸೀನಿತು;
ಇವರು ಪಕ್ಕದಲ್ಲೇ ನಿಂತು
ತೆಂಗಿನಕಾಯಿ ಎಣಿಸುತ್ತಿದ್ದರು.

ಆವತ್ತಿನಿಂದ ಉಗ್ರಾಣದ ಬಾಗಿಲ ಹಿಂದೆ
ಅಂಗೈಗೆ ಸಾರು ಬಿಟ್ಟುಕೊಂಡು ನಾನು ನೆಕ್ಕುತ್ತೇನೆ.
ಹೆಗಲ ಟವಲು ಸರಿಪಡಿಸಿದರೆ ಕಮ್ಮಿ ಅಂತ.
ಎಡಗಿವಿ ಮುಟ್ಟಿದರೆ ಸರಿಯಿದೆ ಅಂತ.
ಅವರು ಇವತ್ತಿಗೂ ಆವಿಗೆ ಬಾಗುತ್ತಾರೆ,
ಹೆಣ್ಣಿನ ಕಡೆಯವರು ಕೈಕಟ್ಟಿ ನಿಂತು ನೋಡುತ್ತಾರೆ.
ಎಂಜಲಿನ ಪಾಪ ಯಾರ ಲೆಕ್ಕಕ್ಕೆ ಅಂತ
ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.

ಮನೆಗೆ ಹೋಗುವಾಗ ಕಟ್ಟಿನಕೆರೆ ಮಾರ್ಕೆಟ್ಟು.
ಹಳೇ ಚಾಳಿ, ಒಂದು ಕಟ್ಟು ಕೊತ್ತಂಬರಿ ಎತ್ತಿ
ಮೂಗಿಗೆ ಹಿಡಿದರು,
ತುಂಬ ಹೊತ್ತು ಹಿಡಿದರು,
ಬೇರಿನ ಮಣ್ಣು ಮೀಸೆಗೆ ಅಂಟುವಷ್ಟು.
‘ಹೆಂಗದೆ ಅಯ್ನೋರೇ, ಈಗ ಕಿತ್ತಿದ್ದು,’ ಎಂದಳು ಸೊಪ್ಪಿನವಳು.

ಸೊಪ್ಪಿನ ಮೇಲಿಂದ
ಅವರ ಕಣ್ಣು ನನ್ನನ್ನು ಹುಡುಕಿತು.

ನಾನು ಎಡಗಿವಿ ಮುಟ್ಟಿಕೊಂಡೆ.