ಅರವತ್ತು ಅಕ್ಷರ

ದೂರು ಬರೆಯುವ ಚೌಕದಲ್ಲಿ ಅರವತ್ತು ಅಕ್ಷರಕ್ಕೆ ಮಾತ್ರ ಜಾಗ.
ಅರವತ್ತೊಂದನೆಯದನ್ನು ಒತ್ತಿದರೆ
ಕಂಪ್ಯೂಟರ್ ಟಂಕ್ ಎನ್ನುತ್ತದೆ.
ನಾನು ತಲೆಯೆತ್ತಿ ಎದುರಿನ ಕುರ್ಚಿಗೆ
ಸ್ವಲ್ಪ ಚುಟುಕಾಗಿ ಹೇಳಿ, ಎನ್ನುತ್ತೇನೆ.

ಕುಶಾಲನಗರಕ್ಕೆ ಗಾಡಿ ತಂದವರು ಯಾರೂ ಚುಟುಕಾಗಿ ಹೇಳುವುದಿಲ್ಲ.

ಸುಂಟಿಕೊಪ್ಪದ ಹಂಝಾಕ:
"ಕಾಲಿಟ್ಟ ಕೂಡಲೇ ಹೋಗಲ್ಲಮ್ಮ.
ಹೊಸ ಅಳಿಯನಿಗೆ ಕೆಲಸ ಹೇಳಿದ ಹಾಗೆ,
ಕೇಳಿಸಿಕೊಳ್ಳುತ್ತೆ, ಹೂಂ ಅನ್ನುತ್ತೆ,
ಆಮೇಲೆ ಏಳಬೇಕೋ ಬೇಡವೋ ಅಂತ ಯೋಚಿಸುತ್ತೆ.
ಮೊನ್ನೆ ಆನೆಕಾಡಿನಲ್ಲಿ ಒಂಟಿ ಸಲಗ, ರಸ್ತೆ ಪಕ್ಕದಲ್ಲೇ.
ಪೆಡಲ್ ನೆಲಕ್ಕೆ ತಾಗುವಷ್ಟು ತುಳಿದೆ.
ಹೂಂ ಅಂತು, ನಿಂತೇ ಇತ್ತು.
ಪಡಚೋನ್ ದೊಡ್ಡವನು, ಆನೆಗೆ ಬೇರೆ ಕೆಲಸವಿತ್ತು."

ನಾನು ಬರೆದದ್ದು: ಪಿಕಪ್ ಕಡಿಮೆ.

ಕಕ್ಕಬ್ಬೆಯ ಮಂದಣ್ಣನವರು ಕೋಲನ್ನು ಮೇಜಿಗೆ ಒರಗಿಸಿ:
"ನೂರ ಐವತ್ತು ಕುದುರೆಯ ಶಕ್ತಿ ಅಂತ ಮಾರಿದಿರಿ.
ನನ್ನ ಕೋವಿಗೆ ಇರುವುದು ಒಂದೇ ಕುದುರೆ.
ಎಳೆದರೆ ಆ ಕ್ಷಣ ಈಡು.
ನಿಮ್ಮ ನೂರ ಐವತ್ತನ್ನೂ ಒಟ್ಟಿಗೆ ಎಳೆದೆ ನೋಡಿ,
ಹಂದಿ ಗುಡ್ಡ ದಾಟಿ, ಮರಿ ಹಾಕಿ,
ಮರಿ ದೊಡ್ಡದಾದ ಮೇಲೆ ಢಂ ಅಂತು."

ಆಕ್ಸಿಲರೇಟರ್ ಸ್ಪಂದನೆ ನಿಧಾನ, ಎಂದು ಬರೆದೆ.
ಕನ್ನಡಕ ಹಾಕಿಕೊಂಡು ಓದಿದರು.
"ಹಂದಿ ಎಲ್ಲಿ?"

ಟ್ಯಾಂಕ್ ತುಂಬಿಸಿದ ದಿನ ಸೀಟಿಗೆಲ್ಲ ಡೀಸೆಲ್ ನಾತ ಎಂದವರು,
ಮುಳ್ಳು ಅರ್ಧ ತೋರಿಸುವಾಗಲೇ
ಮಾಕುಟ್ಟದ ಕಾಡಿನಲ್ಲಿ ಎಣ್ಣೆ ಬತ್ತಿ ನಿಂತವರು,
ಹಳದಿ ದೀಪದ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿಕೊಂಡವನೊಬ್ಬ.
ಎಲ್ಲ ಆಯುಧಪೂಜೆಗೆ ಇಳಿದ ಗಾಡಿಗಳು,
ಬಂಪರಿನ ಕುಂಕುಮ ಇನ್ನೂ ಪೂರ್ತಿ ಹೋಗಿಲ್ಲ.

ಬಾಳೆಲೆಯಿಂದ ಬಂದ ದನದ ಡಾಕ್ಟರು ದೇಚಮ್ಮ
ಕೊಟ್ಟ ಚಹಾ ಮುಟ್ಟಲಿಲ್ಲ.
"ತಿತಿಮತಿ ದಾಟಿ ಮರದ ಲಾರಿಯನ್ನು ಹಿಂದೆ ಹಾಕುತ್ತಿದ್ದೆ.
ಅರ್ಧದಲ್ಲಿ ಬಲ ಹೋಯಿತು. ಎದುರಿಗೆ ಬಸ್ಸು.
ಬರಕೊಳ್ಳಿ. ಮೂರು ಸೆಕೆಂಡು."
ಅಷ್ಟೇ.
ಚೌಕದಲ್ಲಿ ಇನ್ನೂ ಜಾಗ ಉಳಿದಿತ್ತು.
ಏನು ತುಂಬುವುದೋ ತಿಳಿಯಲಿಲ್ಲ.

ಮೈಸೂರಿನಿಂದ ಎಂಜಿನಿಯರ್ ಬಂದ, ಚಿಕ್ಕ ಹುಡುಗ.
ಡಾಕ್ಟರ ಗಾಡಿಗೆ ಲ್ಯಾಪ್‌ಟಾಪ್ ಚುಚ್ಚಿದ.
ಪಂಪಿನ ಒತ್ತಡ ಸರಿ, ಇಂಜೆಕ್ಟರ್ ನಾಲ್ಕೂ ಸರಿ,
ಫಿಲ್ಟರಿನಲ್ಲಿ ಒಂದು ಹನಿ ನೀರಿಲ್ಲ.
ಕೊಪ್ಪ ಗೇಟಿನವರೆಗೆ ಸಮತಟ್ಟಿನಲ್ಲಿ ಓಡಿಸಿ ಬಂದು
ದೋಷ ಕಂಡುಬಂದಿಲ್ಲ, ಎಂದ.
ಅದನ್ನು ಟೈಪ್ ಕೂಡ ಮಾಡಬೇಕಿಲ್ಲ,
ಅದಕ್ಕೆಂದೇ ಒಂದು ಗುಂಡಿ ಇದೆ.

ಬನ್ನಿ, ಮೇಲೆ ಹೋಗೋಣ, ಎಂದೆ. ಸ್ಟೇರಿಂಗ್ ನಾನೇ ಹಿಡಿದೆ.
ಸುಂಟಿಕೊಪ್ಪ. ಕೆದಕಲ್. ಬೋಯಿಕೇರಿಯ ಏರು.
ತಿರುವಿನಲ್ಲಿ ಗುಡ್ಡ ಎದ್ದು ನಿಂತಾಗ ತುಳಿದೆ.

ಒಂದು.

ಹಿಂದಿನ ಪಿಕಪ್ಪಿನವನು ಹಾರ್ನ್ ಬಾರಿಸಿದ.

ಎರಡು.

ಹುಡುಗನ ಕೈ ಬಾಗಿಲ ಮೇಲಿನ ಹಿಡಿಗೆ ಹೋಯಿತು.

ಮೂ ಎನ್ನುವಷ್ಟರಲ್ಲಿ
ಬೆನ್ನಿಗೆ ಯಾರೋ ಗುದ್ದಿದಂತೆ ಗಾಡಿ ಹಾರಿತು.

ಬೋಯಿಕೇರಿಯ ಅಂಗಡಿ ಮುಂದೆ ನಿಲ್ಲಿಸಿ
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಅವನು ಪರದೆ ನನ್ನತ್ತ ತಿರುಗಿಸಿದ: ಗೆರೆ ನೇರವಾಗಿತ್ತು.
"ಇದರಲ್ಲಿ ಬಂದಿಲ್ಲ ಮೇಡಂ."
ನಿಮ್ಮ ಕೈಯಲ್ಲಿ ಬಂದಿದೆಯಲ್ಲ, ಎಂದೆ.
ಹಿಡಿಯ ಅಚ್ಚು ಅಂಗೈಯಲ್ಲಿ ಇನ್ನೂ ಕೆಂಪಗಿತ್ತು.

ಸಂಜೆ ಶಟರ್ ಅರ್ಧ ಎಳೆದ ಮೇಲೆ
ಡಾಕ್ಟರ ಕಾರ್ಡನ್ನು ಮತ್ತೆ ತೆರೆದೆ.
ಅರ್ಧದಲ್ಲಿ ಬಲ ಹೋಯಿತು, ಎದುರಿಗೆ ಬಸ್ಸು, ನಾನೂ ಎಣಿಸಿದ್ದೇನೆ.
ಹಿಡಿಸಿತು.
ಆಮೇಲೆ ಮಂದಣ್ಣನವರದು.
ಕುದುರೆ ಎಳೆದೆ, ಈಡು ಹೊರಡಲಿಲ್ಲ,
ಹಂದಿ ಗುಡ್ಡ ದಾಟಿತು, ದಾಟಿ ಅಲ್ಲಿ ಮರಿ

ಟಂಕ್.