ಲಾಭ, ಎರಡು, ಮೂರು

ಕೌಲ್‌ಬಜಾರಿನ ನನ್ನ ಅಂಗಡಿಯ ಶಟರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.
ಬರುವವರೆಲ್ಲ ತಲೆ ಬಾಗಿಸಿಯೇ ಬರಬೇಕು.
ಜಡೆಮ್ಮ ಬಾಗಿ ಬಂದಳು, ಸೆರಗಿಗೆ ನೀಲಿ ದಾರದ ಚೂರು ಅಂಟಿತ್ತು.
ಎಲೆಅಡಿಕೆ ಚೀಲ ಬಿಚ್ಚಿ ಪೆನ್‌ಡ್ರೈವ್ ಇಟ್ಟಳು.
ಅಕ್ಕ ಸುಂಕಮ್ಮ ಹೊರಗೇ ನಿಂತಳು,
ಕೊರಳಿಗೆ ಟವೆಲು ಸುತ್ತಿಕೊಂಡು.

"ಆಯುಧಪೂಜೆದು. ಸಾವಕಾರ್ರ ಮಗ ತೆಗದದ್ದು.
ನಮ್ಮಕ್ಕ ಅದರಾಗ ಕಾಣಂಗಿಲ್ಲ, ಕೇಳತಾಳ.
ಆ ದನಿ ಅಷ್ಟ ತೆಗದು ಕೊಡಪ.
ನೆಟ್ಟಿಗೆ ಹಾಕಬ್ಯಾಡ ಮತ್ತ, ಬೈತಾರ."

ಎಲ್ಲಿಗೂ ಹೋಗಲ್ಲಮ್ಮ ಅಂದೆ.
ಈ ಬ್ರೌಸರಿನೊಳಗೇ ಬಿಚ್ಚಿ, ಇದರೊಳಗೇ ಹೊಲಿದು ಕೊಡುತ್ತೇನೆ.
ನೆಟ್ಟಿನ ವೈರು ಕಿತ್ತು ಕೈಯಲ್ಲಿ ಹಿಡಿದು ತೋರಿಸಿದೆ.
ಆಮೇಲೆ ಕೂತಳು.

ಮೂವತ್ತೆಂಟು ನಿಮಿಷ.
ಮುಂದೆ ಒಡೆದ ಕುಂಬಳಕಾಯಿ, ಸಾವಕಾರ್ರು, ಅವರ ಹೊಸ ಶರಟು,
ಚೆಂಡುಹೂ ಮುಡಿದ ಕಟಿಂಗ್ ಮಷಿನ್ನು.
ಹಿಂದೆ, ಚಿತ್ರದ ಅಂಚಿನಾಚೆ,
ರಾತ್ರಿಯ ಲಾರಿಗೆ ಹೋಗಬೇಕಾದ ಜೀನ್ಸನ್ನು
ಯಾರೋ ಎಣಿಸುತ್ತಿದ್ದಾಳೆ.
ಪೂಜೆಯ ದಿನವೂ ನಿಲ್ಲದ ಒಂದು ಮಷಿನ್ನು
ಅವಳ ದನಿಯ ಮೇಲೆ ಓಡುತ್ತಿದೆ.

ನಾನು ಬರೆದ ಪುಟಕ್ಕೊಂದು ಗಲ್ಲಾ ಇದೆ,
ಅದು ಗಿರಾಕಿಯ ಮುಖ ನೋಡಿಕೊಳ್ಳುತ್ತದೆ.
ಭಾರವನ್ನೂ ಅದರ ತಲೆಗೇ ಹೊರಿಸಿದರೆ
ಪರದೆ ಕಲ್ಲಾಗುತ್ತದೆ, ಒತ್ತಿದ ಗುಂಡಿ ಒತ್ತಿದಲ್ಲೇ.
ಅದಕ್ಕೇ ಹಿಂದೆ ನಾಲ್ವರು ವರ್ಕರುಗಳು.
ಪುಟವನ್ನು ಮುಟ್ಟುವಂತಿಲ್ಲ ಅವರು,
ಒಂದಕ್ಷರದ ಬಣ್ಣ ಬದಲಿಸುವಂತಿಲ್ಲ.
ಬಾಗಿಲ ಸಂದಿಯಲ್ಲಿ ಚೀಟಿ ಹೋಗುತ್ತದೆ: ತಗೋ.
ಚೀಟಿ ಬರುತ್ತದೆ: ಮುಗೀತು.
ನಕಲು ಮಾಡಿ ಹಂಚುವಷ್ಟು ಜಾಗ ಈ ಹಳೇ ಡಬ್ಬಕ್ಕಿಲ್ಲ,
ಗಂಟನ್ನೇ ದಾಟಿಸುತ್ತೇನೆ.
ದಾಟಿಸಿದ ಮೇಲೆ ಕೊಟ್ಟವನ ಬಳಿ
ಸೊನ್ನೆ ಉದ್ದದ ಚೀಲ.

"ಗೊತ್ತೈತಿ ಬಿಡು," ಅಂದಳು ಜಡೆಮ್ಮ.
"ಲೇಬಲ್ ಹಚ್ಚೋರು ಮುಂದ ಕುಂದರ್ತಾರ."

ಕೋಟೆಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು
ಬಜಾರಿನ ಮೇಲೆ ಉಗುಳುವ ಹೊತ್ತು.
ಡಬ್ಬದ ಪಂಖ ಗುರ್ರೆಂದಿತು.
ಸೊನ್ನೆ ಬಂದ, ಒಂದು ಬಂದ, ಎರಡು ಬಂದ
(ನಾನು ವರ್ಕರುಗಳನ್ನು ಸೊನ್ನೆಯಿಂದ ಎಣಿಸುವವನು).
ಮೂರನೆಯವನು ಯಾವಾಗಲೂ ತಡ.
ಬರುವವರೆಗೂ ಪಟ್ಟಿ ತೊಂಬತ್ತೊಂದರಲ್ಲಿ ನಿಂತಿತು,
ಚಾ ಬಂತು, ಆರಿತು.

ಆಮೇಲೆ ಸ್ಪೀಕರಿನಲ್ಲಿ, ತೊಳೆದಿಟ್ಟ ಹಾಗೆ, ಬರೀ ದನಿ.
"ಲಾಭ."
ಒಂದು ಅನ್ನುವುದಿಲ್ಲ ಅವಳು.
ಕಣದಲ್ಲಿ ಜೋಳ ಅಳೆಯುವವರ ಹಾಗೆ
ಮೊದಲನೆಯ ಪ್ಯಾಂಟಿಗೆ ಲಾಭ.
ಯಾರ ಲಾಭವೋ.
"ಎರಡು. ಮೂರು."

ಸುಂಕಮ್ಮ ಬಾಗಿ ಒಳಗೆ ಬಂದಳು.
ಮೂರು ತಿಂಗಳಾಯಿತಂತೆ,
ಕೊರಳಿನ ಗಂಟಿನ ಜೊತೆಗೇ ದನಿಯನ್ನೂ ತೆಗೆದು.
ತನ್ನನ್ನು ತಾನು ಕೇಳುತ್ತ ನಿಂತಳು,
ಬೇರೆ ಯಾರದೋ ಲೆಕ್ಕ ತಪಾಸಣೆ ಮಾಡುವವಳಂತೆ.
ನಾಲ್ಕು. ಐದು. ಆರು. ಎಂಟು.

ಕೈ ಎತ್ತಿದಳು. ನಿಲ್ಲಿಸು.
ಒಂದು ಕೈಯ ಐದು ಬೆರಳು, ಇನ್ನೊಂದರ ಎರಡು.
ಏಳು ಎಲ್ಲಿ?

ಗದ್ದಲ ಸೋಸುವಾಗ ಹೋಗಿರಬೇಕು ಅಂದೆ.
ಮಷಿನ್ನಿನ ಸದ್ದು ಆ ಜಾಗದಲ್ಲಿ ಜೋರಿತ್ತು,
ತೆಗೆದುಬಿಟ್ಟೆ, ದನಿ ಚೊಕ್ಕ ಆಗಲಿ ಅಂತ.
ಅವಳು ತಲೆ ಆಡಿಸಿದಳು.
ನನ್ನ ಮೇಜಿನ ಮೇಲೆ ಉಗುರಿನಿಂದ
ಟರ್ರ್, ಟರ್ರ್, ಒಂದು ಗಳಿಗೆ ಬಿಟ್ಟು, ಟರ್ರ್,
ಮತ್ತೆ ಅದೇ ಬೆರಳು ತಂಗಿಯ ಕಡೆ.

ಜಡೆಮ್ಮ ಸೆರಗಿನ ದಾರ ಕೀಳುತ್ತ
ನೆಲ ನೋಡಿದಳು.
"ಹೌದಪ. ಆವತ್ತ ಮಷಿನ್ ಮ್ಯಾಲ ನಾನ ಇದ್ದೆ."

ಗಂಟನ್ನು ಮತ್ತೆ ಬಿಚ್ಚಿದೆ. ಈ ಸಲ ಏನನ್ನೂ ಸೋಸಲಿಲ್ಲ.
ಸೊನ್ನೆ ಬಂದ. ಒಂದು ಬಂದ.
ಕಾಯುತ್ತಿದ್ದೇವೆ.
ಬೆಂಚಿನ ಕೆಳಗೆ ಜಡೆಮ್ಮನ ಪಾದ
ಇಲ್ಲದ ಪೆಡಲನ್ನು ಮೆಲ್ಲಗೆ ಒತ್ತುತ್ತಿದೆ.