ನಡಾವಳಿ ಪುಸ್ತಕ

ನೂರಿಪ್ಪತ್ತು ಹಾಳೆ, ನೀಲಿ ರಟ್ಟು,
ನನ್ನ ಅಂಗಡಿಯದೇ. ದುಡ್ಡು ಯಾರೂ ಕೊಡಲಿಲ್ಲ,
ನಾನೂ ಕೇಳಲಿಲ್ಲ. ಆ ಅಕ್ಟೋಬರಿನಲ್ಲಿ
ವಾಲ್ಪರೈಸೊ ಗುಡ್ಡದ ಮೇಲೆ
ಯಾರೂ ಯಾರಿಗೂ ಲೆಕ್ಕ ಹೇಳುತ್ತಿರಲಿಲ್ಲ.

ಮೊದಲ ಪುಟ. ನನ್ನದೇ ಅಕ್ಷರ, ತುಸು ಡೊಂಕು.
ಸ್ಥಳ: ಫುಟ್ಬಾಲ್ ಕ್ಲಬ್ಬಿನ ಬಟ್ಟೆ ಬದಲಿಸುವ ಕೋಣೆ.
ಹಾಜರಿದ್ದವರು ನಲವತ್ತೊಂದು, ನಾಯಿ ಎರಡು.
ನಾಯಿಗಳನ್ನು ಬರೆಸಿದವನು ನಿಬಾಲ್ದೊ,
ಅವೂ ಇದೇ ಬೀದಿಯವು ತಾನೆ, ಅಂದ.
ವಿಷಯ: ದೇಶದ ಹೊಸ ಸಂವಿಧಾನದಲ್ಲಿ ಏನೇನಿರಬೇಕು.

ನಗಬೇಡಿ. ಅಂದು ಯಾರೂ ನಗಲಿಲ್ಲ.
ಮೆಟ್ರೋ ಟಿಕೆಟ್ಟಿನ ಮೂವತ್ತು ಪೆಸೊ ರಾಜಧಾನಿಯಲ್ಲಿ ಹೊತ್ತಿಕೊಂಡು
ನಮ್ಮ ಮೆಟ್ಟಿಲುಗಳನ್ನೂ ಹತ್ತಿ ಬಂದಿತ್ತು.
ರಾತ್ರಿ ಕಿಟಕಿ ಕಿಟಕಿಯಲ್ಲಿ ಪಾತ್ರೆ ಬಡಿತ.
ನನ್ನ ಹಾಲಿನ ಪಾತ್ರೆಯ ತಳ ಇಂದಿಗೂ ನೆಗ್ಗಿದೆ,
ಒಲೆಯ ಮೇಲೆ ನೆಟ್ಟಗೆ ಕೂರುವುದಿಲ್ಲ.

ಉಬೆರ್ಲಿಂದ ಎದ್ದು ನಿಂತಳು. ಎಪ್ಪತ್ತಾರು ವರ್ಷ,
ನಾಲ್ಕು ಜನರ ಮುಂದೆ ಬಾಯಿ ಬಿಟ್ಟದ್ದು ಅದೇ ಮೊದಲು.
ನೀರು, ಅಂದಳು. ಕೂತಳು.
ಮತ್ತೆ ಎದ್ದಳು: ನೀರಿಗೆ ಯಜಮಾನ ಇರಬಾರದು.
ಬರೆದುಕೊಂಡೆ. ಕೆಳಗೆ ಎರಡು ಗೆರೆ ಎಳೆದೆ.
ಊರಿಗೆ ಬಂದವಳು ನೀರಿಗೆ ಬರಲೇಬೇಕು,
ನಮ್ಮ ಮೇಲುಬೀದಿಯಲ್ಲಿ ಮಾತ್ರ
ನೀರೇ ಊರಿಗೆ ಬರಬೇಕು. ಲಾರಿಯಲ್ಲಿ. ಮಂಗಳವಾರ.
ಬಂದರೆ.

ಹದಿನೇಳನೆಯ ಪುಟ: ಪಿಂಚಣಿ. ಜಗಳ. ಒಂದು ಕುರ್ಚಿ ಮುರಿದಿದೆ.
ಇಪ್ಪತ್ತಮೂರು: ಘನತೆ ಎಂದರೇನು? ಎರಡೂವರೆ ಗಂಟೆ ಚರ್ಚೆ,
ತೀರ್ಮಾನ ಮುಂದಿನ ವಾರಕ್ಕೆ.
ಮೂವತ್ತು: ಆಯ್ಲೆನ್ ಬಂದಳು, ಹತ್ತೊಂಬತ್ತರ ಹುಡುಗಿ,
ಎಡಗಣ್ಣಿಗೆ ಬಿಳಿ ಪಟ್ಟಿ.
ಆ ಪುಟದಲ್ಲಿ ಹಾಜರಿಯ ಹೊರತು ಏನೂ ಇಲ್ಲ.

ಆಮೇಲೆ ನಾವು ಆರಿಸಿದವರು ಬರೆದರು,
ನಾನೂರರ ಹತ್ತಿರ ಕಲಮುಗಳು.
ನಾನು ಅರವತ್ತರವರೆಗೆ ಓದಿದೆ. ಇದನ್ನು ಯಾರಿಗೂ ಹೇಳಿಲ್ಲ.

ಮತದಾನದ ದಿನ ಶಾಲೆಯಲ್ಲಿ ನನಗೆ ಮತಗಟ್ಟೆ ಕೆಲಸ,
ಎರಡನೆಯ ತರಗತಿಯ ಪುಟ್ಟ ಕುರ್ಚಿ,
ಗೋಡೆಯಲ್ಲಿ ಮಕ್ಕಳು ಬಿಡಿಸಿದ ತಿಮಿಂಗಿಲಗಳು.
ಸಂಜೆ ಚೀಟಿ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದೆ:
ಬೇಡ. ಬೇಡ. ಬೇಕು. ಬೇಡ.
ಬೇಡ ಎನ್ನುತ್ತಾ ಎನ್ನುತ್ತಾ
ಅದು ನನ್ನದೇ ಮಾತಿನ ಹಾಗೆ ಕೇಳತೊಡಗಿತು.
ಗಂಟಲು ಒಣಗಿತು. ನೀರು ತಂದಿರಲಿಲ್ಲ.

ಮನೆ ಕಿತ್ತುಕೊಳ್ಳುತ್ತಾರಂತೆ ಕಣೇ,
ಮರುದಿನ ಉಬೆರ್ಲಿಂದ ಅಂದಳು, ಬ್ರೆಡ್ಡು ಆರಿಸುತ್ತಾ,
ನನ್ನ ಮುಖ ನೋಡದೆ. ಮೊಮ್ಮಗನ ಫೋನಿನಲ್ಲಿ ಬಂದಿತ್ತು.
ಅವಳ ಮನೆ, ತಗಡಿನದು, ಮಳೆಗಾಲದಲ್ಲಿ
ತಾನಾಗಿಯೇ ಜಾರಿ ಹೋಗಬಹುದಾದದ್ದು.
ನಾನು ಏನೂ ಅನ್ನಲಿಲ್ಲ. ಚಿಲ್ಲರೆ ಕೊಟ್ಟೆ.

ಎರಡನೆಯ ಸಲ ಬೇರೆಯವರು ಬರೆದರು, ಬೇರೆಯದೇ.
ಅದೂ ಬೇಡ.
ಹಳೆಯದು, ಎಲ್ಲರೂ ಬೈದದ್ದು,
ಕಪಾಟಿನಲ್ಲಿ ಬೆಚ್ಚಗೆ ಕೂತಿದೆ.
ಹಳೇ ಗಂಡನೇ ಪಾದ ಎಂದು ನಿಬಾಲ್ದೊ ನಕ್ಕ,
ಅವನ ಹೆಂಡತಿ ನಗಲಿಲ್ಲ.

ಪುಸ್ತಕದಲ್ಲಿ ಹಾಳೆ ಬಹಳ ಉಳಿದಿದ್ದವು.
ಹಾಳುಮಾಡಲು ಮನಸ್ಸಾಗದೆ ಸಾಲ ಬರೆಯತೊಡಗಿದೆ,
ತಲೆಕೆಳಗು ಮಾಡಿ, ಹಿಂದಿನಿಂದ;
ಹಾಳೆ ಮುಗಿದಾಗ ಬರೆದ ಪುಟಗಳ ಬೆನ್ನಿಗೂ ಬಂದೆ.

ಕಾಲೇಜಿನ ಕೆಲಸಕ್ಕೆ ಬೇಕಂತೆ, ಕೊಡಿ,
ಕಳೆದ ವಾರ ಆಯ್ಲೆನ್ ಕೇಳಿದಳು.
ತೆರೆದು ತೋರಿಸಿದೆ: ಈ ಬದಿ ಉಬೆರ್ಲಿಂದಳ ನೀರು,
ಆ ಬದಿ ಅವಳದೇ ಎರಡು ಕಿಲೊ ಸಕ್ಕರೆ, ಒಂದು ಗ್ಯಾಸು.
ಹರಿದು ಕೊಡಲಾಗದು, ಮಗು.
ಒಂದೇ ಕಣ್ಣನ್ನು ಹಾಳೆಗೆ ತೀರಾ ಹತ್ತಿರ ಹಿಡಿದು
ಅವಳು ಎರಡೂ ಬದಿ ಓದಿದಳು, ನಿಧಾನವಾಗಿ, ಸಕ್ಕರೆಯನ್ನೂ.

ಅಷ್ಟರಲ್ಲಿ ಲಾರಿಯ ಹಾರನ್ನು. ಮಂಗಳವಾರವಲ್ಲ, ಗುರುವಾರ.
ಕೊಡ, ಬಕೆಟ್ಟು, ಬಣ್ಣದ ಹಳೆ ಡಬ್ಬ.
ಸಾಲಿನಲ್ಲಿ ನಿಂತು ನಿಬಾಲ್ದೊ ಎಣಿಸಿದ:
ಹಾಜರಿದ್ದವರು ಹದಿನಾಲ್ಕು, ನಾಯಿ ಒಂದು.
ನನ್ನ ಕಡೆ ನೋಡಿದ.
ನನ್ನ ಎರಡೂ ಕೈಯಲ್ಲಿ ಬಕೆಟ್ಟಿತ್ತು.